ಕನ್ನಡವನ್ನು ಚಿತ್ರವಾಗಿಸುವ ಪಾಠ

ಮಾನ್ಯ ಸಂಪಾದಕರೇ,

ಗದಗ ಜಿಲ್ಲೆಯ ಕಾಲೇಜೊಂದರಲ್ಲಿ ನಾನು ಬಿ.ಎ. ಎರಡನೆಯ ವರ್ಷ ಓದುತ್ತಿದ್ದೇನೆ. ಇತಿಹಾಸ ಮತ್ತು ಕನ್ನಡ ನನ್ನ ಮುಖ್ಯ ವಿಷಯಗಳು. ಅವುಗಳ ಜೊತೆಗೆ ಕೌಶಲ ವಿಷಯವಾಗಿ ಫೋಟೊ ಎಡಿಟಿಂಗ್ ಮತ್ತು ವೆಬ್ ಪುಟ ರಚನೆಯ ತರಗತಿಯನ್ನು ಆರಿಸಿಕೊಂಡಿದ್ದೇನೆ. ವಾರದಲ್ಲಿ ಎರಡು ದಿನ, ದಿನಕ್ಕೆ ಎರಡು ತಾಸು ಲ್ಯಾಬಿನಲ್ಲಿರುತ್ತೇವೆ. ಒಂದು ಕಂಪ್ಯೂಟರಿಗೆ ಮೂವರು ಕೂರುವುದು, ಕರೆಂಟು ಹೋಗಿ ಸೇವ್ ಮಾಡದ ಕೆಲಸವೆಲ್ಲ ಕಳೆದುಹೋಗುವುದು ನಮ್ಮಲ್ಲೂ ಉಂಟು. ಆ ಬಗೆಯ ದೂರುಗಳನ್ನು ಈ ಅಂಕಣದಲ್ಲಿ ಅನೇಕರು ಬರೆದಿರುವುದರಿಂದ ನಾನು ಮತ್ತೆ ಎತ್ತುವುದಿಲ್ಲ. ನನಗೆ ಹೇಳಬೇಕಾಗಿರುವ ಸಂಗತಿ ಒಂದೇ. ಕನ್ನಡದ ಬರಹವನ್ನು ಫೋಟೊದಂತೆ ಚಿತ್ರವಾಗಿಸಿ ವೆಬ್ ಪುಟಕ್ಕೆ ಅಂಟಿಸುವುದನ್ನೇ ನಮಗೆ ಪಾಠವಾಗಿ ಕಲಿಸಲಾಗುತ್ತಿದೆ, ಅದಕ್ಕೇ ಅಂಕಗಳನ್ನೂ ಕೊಡಲಾಗುತ್ತಿದೆ.

ತರಗತಿಯಿಂದ ನನಗಾದ ಉಪಕಾರವನ್ನು ಮರೆಮಾಚಿ ದೂರನ್ನಷ್ಟೇ ಬರೆದರೆ ತಪ್ಪಾದೀತು. ನಮ್ಮ ಮನೆಯಲ್ಲಿ ಅಜ್ಜ ಅಜ್ಜಿಯ ಮದುವೆಯ ಫೋಟೊ ಒಂದೇ ಇತ್ತು. ನಾಲ್ಕು ಮಡಿಕೆಯಾಗಿ ಟ್ರಂಕಿನ ತಳದಲ್ಲಿದ್ದ ಅದರ ಮಡಿಕೆಯ ಗೆರೆ ಅಜ್ಜಿಯ ಎಡಗೆನ್ನೆಯ ಮೇಲೇ ಹಾದುಹೋಗಿತ್ತು. ಅದನ್ನು ಸ್ಕ್ಯಾನ್ ಮಾಡಿ, ಹೀಲಿಂಗ್ ಬ್ರಷ್ಷಿನಿಂದ ಗೆರೆಯನ್ನು ಅಂಗುಲ ಅಂಗುಲವಾಗಿ ಮುಚ್ಚುತ್ತಾ ಹೋದಾಗ, ಪಕ್ಕದ ಚರ್ಮದ ಬಣ್ಣ ಎಲ್ಲಿಂದ ತೆಗೆದುಕೊಳ್ಳಬೇಕು, ಮೂಗುತಿಯ ನೆರಳನ್ನು ಏಕೆ ಮುಟ್ಟಬಾರದು ಎಂಬುದನ್ನು ನಮ್ಮ ಸರ್ ಪಕ್ಕದಲ್ಲೇ ನಿಂತು ತೋರಿಸಿದರು. ಮೂಲ ಚಿತ್ರವನ್ನು ಹಾಗೇ ಬಿಟ್ಟು, ಅದರ ಮೇಲೊಂದು ಲೇಯರ್ ಇಟ್ಟುಕೊಂಡು ತಿದ್ದಬೇಕೆಂಬುದು ಅಂದು ಕಲಿತ ಪಾಠ. ಪಾಸ್‌ಪೋರ್ಟ್ ಫೋಟೊ ಮಾಡುವ ಅಭ್ಯಾಸವೂ ಅಷ್ಟೇ ಉಪಯೋಗದ್ದು: 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರದ ಚಿತ್ರಕ್ಕೆ ಅಂಗುಲಕ್ಕೆ 300 ಚುಕ್ಕೆಯ ಲೆಕ್ಕದಲ್ಲಿ ಸುಮಾರು 413ಕ್ಕೆ 531 ಪಿಕ್ಸೆಲ್ ಬೇಕು, ನಾಲ್ಕಕ್ಕೆ ಆರು ಅಂಗುಲದ ಒಂದು ಹಾಳೆಯಲ್ಲಿ ಅಂಥ ಎಂಟು ಕೂರುತ್ತವೆ. ನನ್ನ ಸಹಪಾಠಿಯೊಬ್ಬ ಈ ಒಂದು ಕೆಲಸ ಕಲಿತು, ಸಂಜೆ ಹೊತ್ತು ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯಲ್ಲಿ ಕುಳಿತು ತನ್ನ ಬಸ್ ಪಾಸಿನ ಖರ್ಚನ್ನು ತಾನೇ ನೋಡಿಕೊಳ್ಳುತ್ತಿದ್ದಾನೆ.

ತೊಡಕು ಶುರುವಾದದ್ದು ಸೆಮಿಸ್ಟರಿನ ಪ್ರಾಜೆಕ್ಟಿನಲ್ಲಿ. ನಮ್ಮ ಗುಂಪು ಲಕ್ಕುಂಡಿಯನ್ನು ಆರಿಸಿಕೊಂಡಿತು. ಊರು ಗದಗಿನಿಂದ ಹನ್ನೆರಡು ಕಿಲೋಮೀಟರು, ಇತಿಹಾಸದ ವಿದ್ಯಾರ್ಥಿಗಳಿಗೆ ಅದಕ್ಕಿಂತ ಒಳ್ಳೆಯ ವಿಷಯ ಹತ್ತಿರದಲ್ಲಿಲ್ಲ. ಬ್ರಹ್ಮ ಜಿನಾಲಯ, ಕಾಶಿವಿಶ್ವನಾಥ ಗುಡಿ, ಮಾಣಿಕೇಶ್ವರ ಗುಡಿಯ ಮಗ್ಗುಲಿನ ಮುಸುಕಿನ ಬಾವಿ ಇವಿಷ್ಟನ್ನೂ ಮೊಬೈಲಿನಲ್ಲೇ ಚಿತ್ರೀಕರಿಸಿ ತಂದೆವು. ಬಾವಿಯ ಮೆಟ್ಟಿಲುಗಳ ಮೇಲೆ ಬಿಸಿಲು, ಒಳಗೆ ಕಪ್ಪು ನೆರಳು. ಬೆಳಕು-ನೆರಳನ್ನು ಹೊಂದಿಸುವ ಲೆವೆಲ್ಸ್ ಸಲಕರಣೆಯಲ್ಲಿ ನೆರಳಿನ ಭಾಗವನ್ನಷ್ಟೇ ಎತ್ತಿದಾಗ ಗೋಡೆಯ ಪುಟ್ಟ ಗೂಡುಗಳು ಒಂದೊಂದಾಗಿ ಕಾಣಿಸಿಕೊಂಡವು. ಇಡೀ ಲ್ಯಾಬು ಬಂದು ನೋಡಿತು. ಆಮೇಲೆ ಚಿತ್ರದ ಕೆಳಗೆ ಎರಡು ಸಾಲು ಬರೆಯಹೊರಟೆವು. 1007ರಲ್ಲಿ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ ಎಂಬುದು ಆ ಸಾಲುಗಳ ಸಾರಾಂಶ. ನಮ್ಮ ಲ್ಯಾಬಿನಲ್ಲಿರುವ ಫೋಟೊಶಾಪ್ 2002ರಲ್ಲಿ ಬಂದ ಏಳನೆಯ ಆವೃತ್ತಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಜಾಗತಿಕ ಪದ್ಧತಿಯಾದ ಯೂನಿಕೋಡಿನಲ್ಲಿ ಬರೆದ ಕನ್ನಡದ ಒತ್ತಕ್ಷರಗಳನ್ನು ಕೂಡಿಸಲು ಅದಕ್ಕೆ ಬಾರದು. ಹೀಗಾಗಿ ತೆರೆಯ ಮೇಲೆ ‘ಅತ್‌ತಿಮಬ್‌ಬೆ’ ಎಂದು ಮೂಡಿತು. ತ ಕಾರಕ್ಕೆ ತ ಒತ್ತು ಇಳಿಯಲಿಲ್ಲ, ಬ ಕಾರಕ್ಕೆ ಬ ಒತ್ತು ಇಳಿಯಲಿಲ್ಲ. ಅರ್ಧಾಕ್ಷರಗಳು ಕೊಂಬು ಹೊತ್ತು ಸಾಲಾಗಿ ನಿಂತವು. ‘ಲಕ್ಕುಂಡಿ’ಯ ಗತಿಯೂ ಅದೇ ಆಯಿತು.

ಇದಕ್ಕೆ ನಮಗೆ ಹೇಳಿಕೊಟ್ಟ ಪರಿಹಾರ ಎರಡು ಹಂತದ್ದು. ಮೊದಲನೆಯದಾಗಿ, ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಬೇಕು. ಆಗ ಫೋಟೊಶಾಪಿನಲ್ಲಿ ಒತ್ತು, ಕೊಂಬು, ದೀರ್ಘ ಎಲ್ಲವೂ ಸರಿಯಾಗಿ ಕಾಣುತ್ತವೆ. ಆದರೆ ಅದೇ ಸಾಲನ್ನು ನಕಲು ಮಾಡಿ ವೆಬ್ ಪುಟಕ್ಕೆ ಅಂಟಿಸಿದರೆ ಒಂದಕ್ಷರವೂ ಕನ್ನಡವಾಗಿರುವುದಿಲ್ಲ. ಏಕೆಂದರೆ ಆ ಫಾಂಟುಗಳಲ್ಲಿ ಒಳಗೆ ಕುಳಿತಿರುವುದು ಇಂಗ್ಲಿಷ್ ಲಿಪಿಯ ಸಂಕೇತಗಳು, ಮೇಲೆ ಕಾಣುವುದಷ್ಟೇ ಕನ್ನಡದ ಆಕಾರ. ‘ಕನ್ನಡ’ ಎಂಬ ಪದವನ್ನೇ ಹಾಗೆ ಅಂಟಿಸಿ ನೋಡಿದೆ: ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಓರೆಗೆರೆಯಿರುವ ಎ, ಅದರ ಹಿಂದೆಯೇ ಬ್ರಿಟನ್ನಿನ ಪೌಂಡ್ ನಾಣ್ಯದ ಚಿಹ್ನೆ, ಹೀಗೆ ಏಳು ಗುರುತುಗಳು ಸಾಲುಗಟ್ಟಿದವು. ಆದ್ದರಿಂದ ಎರಡನೆಯ ಹಂತವಾಗಿ, ಬೆರಳಚ್ಚು ಮಾಡಿದ ಬರಹವನ್ನೆಲ್ಲ ಫೋಟೊಶಾಪಿನಲ್ಲೇ ಜೆಪೆಗ್ ಚಿತ್ರವಾಗಿ ಉಳಿಸಿ, ಆ ಚಿತ್ರವನ್ನು ಪುಟದಲ್ಲಿ ಕೂರಿಸಬೇಕು. ಶೀರ್ಷಿಕೆ ಒಂದು ಚಿತ್ರ, ಲೇಖನ ಮೂರು ಚಿತ್ರ, ಕೊನೆಯಲ್ಲಿ ‘ಧನ್ಯವಾದಗಳು’ ಎಂಬುದೂ ಒಂದು ಚಿತ್ರ. ಇಂಗ್ಲಿಷಿನಲ್ಲಿ ಪ್ರಾಜೆಕ್ಟ್ ಮಾಡಿದ ಗುಂಪುಗಳಿಗೆ ಈ ಯಾವ ಉಸಾಬರಿಯೂ ಇರಲಿಲ್ಲ, ಬರೆದರು, ಮುಗಿಯಿತು. ಕನ್ನಡ ವಿಷಯದವರಾದ ನಾವೇ ಮುಂದಿನ ಸಲ ಇಂಗ್ಲಿಷಿನಲ್ಲಿ ಮಾಡಿಬಿಡೋಣವೆಂದು ಮಾತಾಡಿಕೊಂಡೆವೆಂಬುದನ್ನು ನಾಚಿಕೆಯಿಂದಲೇ ಹೇಳುತ್ತಿದ್ದೇನೆ.

ಬರಹ ಚಿತ್ರವಾದರೆ ಏನು ನಷ್ಟ, ಓದಲು ಬಂದರೆ ಸಾಲದೇ ಎಂದು ಕೇಳುವವರಿದ್ದಾರೆ. ಓದಲು ಬರುವುದು ಕಣ್ಣಿರುವವರಿಗೆ ಮಾತ್ರ. ನಮ್ಮ ಕಾಲೇಜಿನಲ್ಲೇ ದೃಷ್ಟಿದೋಷವಿರುವ ಒಬ್ಬ ಹಿರಿಯ ವಿದ್ಯಾರ್ಥಿ ತಮ್ಮ ಫೋನಿನ ಧ್ವನಿಯ ನೆರವಿನಿಂದ ಕನ್ನಡದ ಸುದ್ದಿಗಳನ್ನು ಕೇಳಿಸಿಕೊಳ್ಳುತ್ತಾರೆ. ಯೂನಿಕೋಡಿನಲ್ಲಿರುವ ಕನ್ನಡವನ್ನು ಫೋನು ಓದಿ ಹೇಳುತ್ತದೆ. ನಮ್ಮ ಲಕ್ಕುಂಡಿ ಪುಟವನ್ನು ಅವರ ಫೋನಿನಲ್ಲಿ ತೆರೆದಾಗ ಅದು ‘ಇಮೇಜ್, ಇಮೇಜ್, ಇಮೇಜ್’ ಎಂದು ಹೇಳಿ ಸುಮ್ಮನಾಯಿತು. ಅವರು ನಕ್ಕು, ‘ಚಲೋ ಗುಡಿ ಕಟ್ಟೀರಿ, ಬಾಗಲಾನ ಇಟ್ಟಿಲ್ಲ’ ಎಂದರು. ಹುಡುಕಾಟದ ಪಾಡೂ ಇದೇ. ಅತ್ತಿಮಬ್ಬೆ ಎಂದು ಹುಡುಕುವವರಿಗೆ ಈ ಪುಟ ಎಂದಿಗೂ ಸಿಗಲಾರದು, ಏಕೆಂದರೆ ಆ ಹೆಸರು ಅಕ್ಷರರೂಪದಲ್ಲಿ ಪುಟದೊಳಗೆ ಎಲ್ಲಿಯೂ ಇಲ್ಲ. ತೂಕದ ಲೆಕ್ಕವನ್ನೂ ನೋಡಬಹುದು: ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟುಗಳಂತೆ, ಐದುನೂರು ಸಂಕೇತಗಳ ಒಂದು ಪ್ಯಾರಾ ಒಂದೂವರೆ ಕಿಲೋಬೈಟಿನಷ್ಟಾಗುತ್ತದೆ. ಅದೇ ಪ್ಯಾರಾವನ್ನು ಚಿತ್ರವಾಗಿ ಉಳಿಸಿದಾಗ ನಮ್ಮದು ನೂರು ಕಿಲೋಬೈಟನ್ನು ದಾಟಿತ್ತು. ಮೊಬೈಲಿನಲ್ಲಿ ಬೆರಳಿನಿಂದ ಹಿಗ್ಗಿಸಿದರೆ ಅಕ್ಷರದ ಅಂಚು ಒಡೆದು ಮಸುಕಾಗುತ್ತದೆ. ಒಂದು ಕಾಗುಣಿತ ತಪ್ಪಿದ್ದರೆ ಇಡೀ ಚಿತ್ರವನ್ನು ಮತ್ತೆ ಮಾಡಬೇಕು.

ಅತ್ತಿಮಬ್ಬೆಯ ವಿಷಯವನ್ನೇ ಇಟ್ಟುಕೊಂಡು ಇಷ್ಟು ಬರೆಯಲು ಕಾರಣವಿದೆ. ಪೊನ್ನನ ಶಾಂತಿಪುರಾಣ ಅಳಿದುಹೋಗದಿರಲೆಂದು ಅದರ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳೆಂದು ನಾವು ಅವಳನ್ನು ಕನ್ನಡ ತರಗತಿಯಲ್ಲಿ ಓದುತ್ತೇವೆ. ಬರಹ ಒಂದೆಡೆಯಿಂದ ಇನ್ನೊಂದೆಡೆಗೆ ಅಕ್ಷರವಾಗಿಯೇ ದಾಟಬೇಕು, ನಕಲಾಗಬೇಕು, ಓದುವವರ ಕೈಸೇರಬೇಕು ಎಂಬುದಕ್ಕೆ ಸಾವಿರ ವರ್ಷ ಹಿಂದೆಯೇ ನಮ್ಮ ನೆಲದಲ್ಲಿ ಹಣ ಸುರಿದವಳು ಅವಳು. ಮಧ್ಯಾಹ್ನ ಅದನ್ನು ಓದಿ, ಮೂರು ಗಂಟೆಗೆ ಲ್ಯಾಬಿಗೆ ಹೋಗಿ ಅವಳ ಹೆಸರನ್ನು ಯಾರೂ ನಕಲು ಮಾಡಲಾಗದ ಚಿತ್ರವಾಗಿ ಅಂಟಿಸಿ ಬಂದೆವು.

ಇದರಲ್ಲಿ ನುಡಿ ತಂತ್ರಾಂಶವನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತಿನದಾಗಲಿ, 1998ರಲ್ಲಿ ಬರಹ ತಂತ್ರಾಂಶವನ್ನು ಕೊಟ್ಟವರದಾಗಲಿ ತಪ್ಪೇನೂ ಇಲ್ಲ. ಕಂಪ್ಯೂಟರುಗಳಿಗೆ ಕನ್ನಡದ ಒತ್ತು ಕೂಡಿಸಲು ಬಾರದಿದ್ದ ಕಾಲದಲ್ಲಿ ಅವರು ಆ ದಾರಿ ಹುಡುಕದೇ ಹೋಗಿದ್ದರೆ ಕಚೇರಿ, ಮುದ್ರಣಾಲಯ, ಡಿಟಿಪಿ ಅಂಗಡಿಗಳಲ್ಲಿ ಕನ್ನಡ ನಡೆಯುತ್ತಲೇ ಇರಲಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವಂತೂ ಇಂದಿಗೂ ಕಲಿಯಲು ಸುಲಭವಾದದ್ದು. ಫೋಟೊಶಾಪ್ ತಯಾರಿಸಿದ ಕಂಪನಿಯನ್ನೂ ನಾನು ದೂರುವುದಿಲ್ಲ; ಅದರ ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿಯೇ ಮೂಡುತ್ತದೆ. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನವಿದೆ. ಇಂದು ಹಳ್ಳಿಯ ಅಂಗಡಿಯಲ್ಲಿ ಸಿಗುವ ಕಡಿಮೆ ಬೆಲೆಯ ಫೋನಿನಲ್ಲೂ ಕನ್ನಡದಲ್ಲಿ ಬರೆಯಬಹುದು, ನಮ್ಮ ಅವ್ವ ವಾಟ್ಸ್ಆ್ಯಪಿನಲ್ಲಿ ಬರೆಯುವುದು ಯೂನಿಕೋಡ್ ಕನ್ನಡವನ್ನೇ. ಅವ್ವನ ಫೋನಿಗೆ ಬರುವ ಕನ್ನಡ ಕಾಲೇಜಿನ ಲ್ಯಾಬಿಗೆ ಬರುವುದಿಲ್ಲವೆಂದರೆ ತಡವಾಗಿರುವುದು ಲ್ಯಾಬೇ ಹೊರತು ಕನ್ನಡವಲ್ಲ.

ಹೊಸ ಫೋಟೊಶಾಪಿಗೆ ಚಂದಾ ಕಟ್ಟಬೇಕು, ಅದಕ್ಕೆ ಕಾಲೇಜಿನಲ್ಲಿ ದುಡ್ಡಿಲ್ಲ ಎಂಬ ಉತ್ತರ ಬರುತ್ತದೆ. ಒಪ್ಪುತ್ತೇನೆ. ಲ್ಯಾಬಿನಲ್ಲಿ ಈಗಿರುವ ಹಳೆಯ ಪ್ರತಿಗೆ ಪರವಾನಗಿ ಇದೆಯೇ ಎಂದು ನಾನು ಕೇಳಲಿಲ್ಲ, ಕೇಳಿದ್ದರೂ ಉತ್ತರ ಸಿಗುತ್ತಿತ್ತೆಂದು ತೋರದು. ಆದರೆ ದುಡ್ಡು ಬೇಡದ ಸಲಕರಣೆಗಳು ಬೇಕಾದಷ್ಟಿವೆ. ಗೆಳತಿಯೊಬ್ಬಳ ಲ್ಯಾಪ್‌ಟಾಪಿನಲ್ಲಿ ಗಿಂಪ್ ಎಂಬ ಮುಕ್ತ ತಂತ್ರಾಂಶವನ್ನು ಹಾಕಿಕೊಂಡು, ಅದೇ ಮುಸುಕಿನ ಬಾವಿಯ ಚಿತ್ರವನ್ನು ತೆರೆದು, ಅದೇ ಹೆಸರನ್ನು ಬರೆದೆ. ‘ಅತ್ತಿಮಬ್ಬೆ’ ಎಂಬುದು ಎರಡೂ ಒತ್ತುಗಳೊಡನೆ ಮೊದಲ ಸಲಕ್ಕೇ ಸರಿಯಾಗಿ ಮೂಡಿತು. ಲೇಯರ್, ಮಾಸ್ಕ್, ಲೆವೆಲ್ಸ್, ಕರ್ವ್ಸ್, ಹೀಲಿಂಗ್ ಎಲ್ಲವೂ ಅದರಲ್ಲಿವೆ, ಮೆನುವಿನಲ್ಲಿ ಸ್ಥಾನ ಮಾತ್ರ ಬೇರೆ. 1995ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ತಮ್ಮ ಪಾಠದ ಪ್ರಾಜೆಕ್ಟಾಗಿ ಬರೆಯಲು ತೊಡಗಿದ ತಂತ್ರಾಂಶವದು; 2025ರ ಮಾರ್ಚಿನಲ್ಲಿ ಅದರ ಮೂರನೆಯ ದೊಡ್ಡ ಆವೃತ್ತಿ ಬಂದಿದೆ. ಬ್ಯಾನರು, ಲಗ್ನಪತ್ರಿಕೆಗಳಂತಹ ರೇಖಾವಿನ್ಯಾಸಕ್ಕೆ ಇಂಕ್‌ಸ್ಕೇಪ್ ಇದೆ. ಏನನ್ನೂ ಇನ್‌ಸ್ಟಾಲ್ ಮಾಡಲು ಅನುಮತಿಯಿಲ್ಲದ ಲ್ಯಾಬಿನಲ್ಲಿ ಬ್ರೌಸರಿನೊಳಗೇ ತೆರೆದುಕೊಳ್ಳುವ ಫೋಟೊಪಿಯಾ ಇದೆ, ಅದು ಫೋಟೊಶಾಪಿನ ಪಿಎಸ್‌ಡಿ ಕಡತಗಳನ್ನೂ ತೆರೆಯುತ್ತದೆ. ಅಕ್ಷರ ವಿನ್ಯಾಸಕ್ಕೂ ಬರವಿಲ್ಲ: ಗುಬ್ಬಿ, ನವಿಲು, ಲೋಹಿತ್, ನೋಟೊ, ಬಾಲೂ ತಮ್ಮ, ಹುಬ್ಬಳ್ಳಿ ಎಂಬ ಹೆಸರಿನ ಯೂನಿಕೋಡ್ ಫಾಂಟುಗಳೆಲ್ಲ ಉಚಿತ. ಹುಬ್ಬಳ್ಳಿ ಎಂಬ ಫಾಂಟ್ ಇದೆಯೆಂದು ಹುಬ್ಬಳ್ಳಿಯಿಂದ ಒಂದು ಗಂಟೆಯ ದಾರಿಯಲ್ಲಿರುವ ನಮಗೆ ಯಾರೂ ಹೇಳಿರಲಿಲ್ಲ.

ಸ್ಟುಡಿಯೊದವರು, ಫ್ಲೆಕ್ಸ್ ಅಂಗಡಿಯವರು ಕೇಳುವುದು ಫೋಟೊಶಾಪ್ ಬಲ್ಲವರನ್ನೇ, ಗಿಂಪ್ ಕಲಿತವರಿಗೆ ಯಾರು ಕೆಲಸ ಕೊಡುತ್ತಾರೆ ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ನಿಜಾಂಶವಿದೆ. ಮುದ್ರಣಕ್ಕೆ ಬೇಕಾದ ನಾಲ್ಕು ಬಣ್ಣದ ಪದ್ಧತಿಯಲ್ಲಿ ನೇರವಾಗಿ ಕೆಲಸ ಮಾಡಲು ಗಿಂಪ್ ಇಂದಿಗೂ ಅಷ್ಟು ಅನುಕೂಲವಲ್ಲ, ಆಲ್ಬಮ್ ಡಿಸೈನ್ ಮಾಡುವವರು ಪಿಎಸ್‌ಡಿ ಮಾದರಿಗಳನ್ನೇ ನೆಚ್ಚಿಕೊಂಡಿದ್ದಾರೆ. ಹಾಗಿದ್ದರೆ ಫೋಟೊಶಾಪನ್ನೂ ಕಲಿಸಲಿ, ಲ್ಯಾಬಿನ ಎರಡು ಕಂಪ್ಯೂಟರುಗಳಿಗಾದರೂ ಚಂದಾ ಕಟ್ಟಿ ಹೊಸದನ್ನೇ ತರಲಿ. ಆದರೆ 2002ರ ಆವೃತ್ತಿಯಲ್ಲಿ ಪಳಗಿದವರನ್ನು ಇಂದಿನ ಯಾವ ಅಂಗಡಿಯವರೂ ಆ ಕಾರಣಕ್ಕೆ ಕರೆದು ಕೂರಿಸುವುದಿಲ್ಲ. ನೆರಳನ್ನು ಎತ್ತುವಾಗ ಬೆಳಕನ್ನು ಹೇಗೆ ಕಾಪಾಡಬೇಕೆಂಬುದು ಕೈಗೆ ಬಂದವರು ಯಾವ ತಂತ್ರಾಂಶದಲ್ಲಾದರೂ ಒಂದು ವಾರದಲ್ಲಿ ಹೊಂದಿಕೊಳ್ಳುತ್ತಾರೆ.

ವೆಬ್ ಪುಟದ ಪಾಠದ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ನಮ್ಮ ಪ್ರಾಕ್ಟಿಕಲ್ ಪಟ್ಟಿಯಲ್ಲಿ, ಹಿಂದೆ ವೆಬ್ ಪುಟಗಳಲ್ಲಿ ಚಲಿಸುವ ಚಿತ್ರಗಳಿಗೆ ಬಳಸುತ್ತಿದ್ದ ಫ್ಲ್ಯಾಶ್ ಅನಿಮೇಷನ್ ಇನ್ನೂ ಇದೆ. ಫ್ಲ್ಯಾಶ್ ಪ್ಲೇಯರಿಗೆ ಅದನ್ನು ತಯಾರಿಸಿದವರೇ 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿದರು, ಇಂದಿನ ಯಾವ ಬ್ರೌಸರೂ ಅದನ್ನು ತೆರೆಯುವುದಿಲ್ಲ. ಆದರೂ ಅದರ ಹಂತಗಳನ್ನು ರೆಕಾರ್ಡ್ ಪುಸ್ತಕದಲ್ಲಿ ಕೈಯಲ್ಲಿ ಬರೆದು ಸಹಿ ಹಾಕಿಸಿಕೊಂಡಿದ್ದೇವೆ. ಓಡುವ ಅಕ್ಷರಗಳ ಮಾರ್ಕ್ವೀ, ಟೇಬಲ್ಲಿನೊಳಗೆ ಟೇಬಲ್ ಇಟ್ಟು ಪುಟ ಕಟ್ಟುವುದು ಇವೇ ಪರೀಕ್ಷೆಯಲ್ಲಿ ಖಾತ್ರಿ ಬರುವ ಪ್ರಶ್ನೆಗಳು. ಮಾಡಿದ ಪುಟವನ್ನು ಮೊಬೈಲಿನಲ್ಲಿ ತೆರೆದು ನೋಡಿರೆಂದು ಒಮ್ಮೆಯೂ ಹೇಳಿಲ್ಲ, ಓದುವವರೆಲ್ಲ ಮೊಬೈಲಿನಲ್ಲೇ ಇರುವಾಗ. ಕನ್ನಡದ ಪುಟಕ್ಕೆ ನಿಜವಾಗಿ ಬೇಕಾದ ಸಂಗತಿಗಳು ಒಂದು ತಾಸಿನಲ್ಲಿ ಕಲಿಯುವಷ್ಟೇ ಇವೆ. ಪುಟದ ಸಂಕೇತ ಪದ್ಧತಿ ಯುಟಿಎಫ್-8 ಎಂದು ತಲೆಭಾಗದಲ್ಲಿ ಘೋಷಿಸುವುದು, ಪುಟದ ಭಾಷೆ ಕನ್ನಡವೆಂದು ಗುರುತಿಸುವುದು, ಪ್ರತಿ ಫೋಟೊಗೂ ಆಲ್ಟ್ ಎಂಬ ಗುಣದಲ್ಲಿ ಕನ್ನಡದ ಒಂದು ಸಾಲಿನ ವಿವರಣೆ ಕೊಡುವುದು. ಆ ಮೂರನೆಯದನ್ನು ಮಾಡಿದ್ದರೆ ನಮ್ಮ ಹಿರಿಯ ವಿದ್ಯಾರ್ಥಿಗೆ ‘ಇಮೇಜ್’ ಎಂಬುದರ ಬದಲು ‘ಮುಸುಕಿನ ಬಾವಿಯ ಮೆಟ್ಟಿಲುಗಳು, ಎಡಗೋಡೆಯಲ್ಲಿ ಸಾಲುಗೂಡುಗಳು’ ಎಂದು ಕೇಳಿಸುತ್ತಿತ್ತು.

ಮೊಬೈಲಿನ ಫೋಟೊ ನಾಲ್ಕು ಸಾವಿರ ಪಿಕ್ಸೆಲ್ ಅಗಲವಿದ್ದು ನಾಲ್ಕೈದು ಮೆಗಾಬೈಟ್ ತೂಗುತ್ತದೆ. ಪುಟಕ್ಕೆ ಸಾವಿರದ ಇನ್ನೂರು ಪಿಕ್ಸೆಲ್ ಸಾಕು. ಕುಗ್ಗಿಸುವುದನ್ನು ಕಲಿಸಿದ್ದಾರೆ. ಕಲಿಸದಿರುವುದು ಇನ್ನೊಂದಿದೆ. ಫೋನಿನಲ್ಲಿ ಲೊಕೇಷನ್ ತೆರೆದಿದ್ದರೆ, ತೆಗೆದ ಸ್ಥಳದ ಅಕ್ಷಾಂಶ ರೇಖಾಂಶಗಳು ಚಿತ್ರದ ಕಡತದೊಳಗೇ ಎಕ್ಸಿಫ್ ಮಾಹಿತಿಯಾಗಿ ಕುಳಿತಿರುತ್ತವೆ. ಗುಡಿಯ ಫೋಟೊಗೆ ಅದರಿಂದ ಬಾಧೆಯಿಲ್ಲ, ಹಾಸ್ಟೆಲಿನಲ್ಲಿ ತೆಗೆದ ಗೆಳತಿಯರ ಫೋಟೊಗೆ ಖಂಡಿತ ಇದೆ. ಗಿಂಪ್‌ನಲ್ಲಿ ಚಿತ್ರವನ್ನು ಹೊರತೆಗೆಯುವಾಗ ಒಂದು ಟಿಕ್ ತೆಗೆದರೆ ಆ ಮಾಹಿತಿ ಕಳಚಿಹೋಗುತ್ತದೆ. ಮುಖದ ಮೇಲೆ ಮುಖ ಕೂರಿಸುವುದನ್ನು ತರಗತಿಯಲ್ಲಿ ತಮಾಷೆಯೆಂದು ತೋರಿಸಲಾಯಿತು. ಯಾರ ಮುಖವನ್ನು ಯಾರ ಒಪ್ಪಿಗೆಯಿಲ್ಲದೆ ಮುಟ್ಟಬಾರದೆಂಬ ಮಾತು ಅದೇ ತಾಸಿನಲ್ಲಿ ಬಂದಿದ್ದರೆ ಹಿಂದಿನ ಬೆಂಚಿನ ಹುಡುಗಿಯರು ಅಷ್ಟು ಮುದುಡಿ ಕೂರುತ್ತಿರಲಿಲ್ಲ.

ವಿಶ್ವವಿದ್ಯಾಲಯದ ಪಠ್ಯಕ್ರಮ ಸಮಿತಿಯವರಲ್ಲಿ, ಕಾಲೇಜು ಶಿಕ್ಷಣ ಇಲಾಖೆಯವರಲ್ಲಿ ನನ್ನ ಕೋರಿಕೆ ಚಿಕ್ಕದು. ಕನ್ನಡದಲ್ಲಿ ಪ್ರಾಜೆಕ್ಟ್ ಮಾಡುವವರು ಬರಹವನ್ನು ಯೂನಿಕೋಡಿನಲ್ಲೇ ಕೊಡಬೇಕು, ಚಿತ್ರವಾಗಿಸಿದ ಬರಹಕ್ಕೆ ಅಂಕವಿಲ್ಲ ಎಂಬ ಒಂದು ಸಾಲನ್ನು ಪ್ರಾಕ್ಟಿಕಲ್ ನಿಯಮದಲ್ಲಿ ಸೇರಿಸಿದರೆ, ಉಳಿದದ್ದು ತಾನಾಗಿ ಹಿಂದೆ ಬರುತ್ತದೆ. ಬೆರಳಚ್ಚು ಮತ್ತೆ ಹೊಸದಾಗಿ ಕಲಿಯಬೇಕಾದೀತೆಂದು ಅಧ್ಯಾಪಕರು ಹೆದರಬೇಕಿಲ್ಲ. ನುಡಿಯ ಈಚಿನ ಆವೃತ್ತಿಗಳಲ್ಲೇ ಯೂನಿಕೋಡ್ ಆಯ್ಕೆಯಿದೆ, ಕೀಲಿಮಣೆ ಅದೇ, ಬೆರಳು ಬೀಳುವ ಜಾಗವೂ ಅದೇ. ಒಳಗಿನ ಸಂಕೇತವಷ್ಟೇ ಬದಲಾಗುತ್ತದೆ. ನಮ್ಮ ಸರ್‌ಗೆ ಇದನ್ನು ಗೆಳತಿಯ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಅವರು ಬೇಸರಪಡಲಿಲ್ಲ, ಹತ್ತು ನಿಮಿಷ ತಾವೇ ಬರೆದು ನೋಡಿದರು. ‘ಖರೇ ಐತಿ. ಆದರ ಪರೀಕ್ಷಾಕ್ಕ ಬರೂ ಎಕ್ಸಾಮಿನರ್ ಹಳೇ ಪದ್ಧತೀನ ಕೇಳ್ತಾರ’ ಎಂದರು. ಅವರ ಇಕ್ಕಟ್ಟು ನನಗೆ ಅರ್ಥವಾಗುತ್ತದೆ.

ಸದ್ಯಕ್ಕೆ ನಮ್ಮ ಗುಂಪಿನ ಬಳಿ ಲಕ್ಕುಂಡಿಯ ಎರಡು ಪುಟಗಳಿವೆ. ಹನ್ನೊಂದು ಚಿತ್ರಗಳಲ್ಲಿ ಬರಹವನ್ನು ತುಂಬಿರುವ ಮೊದಲನೆಯದನ್ನು ಮುಂದಿನ ತಿಂಗಳ ಪ್ರಾಕ್ಟಿಕಲ್ ಪರೀಕ್ಷೆಗೆ ಒಪ್ಪಿಸುತ್ತೇವೆ. ಅಕ್ಷರಗಳಲ್ಲೇ ಬರೆದ ಎರಡನೆಯದನ್ನು ಕಳೆದ ಭಾನುವಾರ ಆ ಹಿರಿಯ ವಿದ್ಯಾರ್ಥಿಯ ಫೋನಿಗೆ ಕಳಿಸಿದ್ದೆವು. ಬ್ರಹ್ಮ ಜಿನಾಲಯದ ಪ್ಯಾರಾವನ್ನು ಅವರು ಎರಡು ಸಲ ಕೇಳಿಸಿಕೊಂಡು, ಇಸವಿಯ ಮುಂದೆ ‘ಕ್ರಿ.ಶ.’ ಬಿಟ್ಟುಹೋಗಿದೆಯೆಂದು ತಿದ್ದುಪಡಿ ಹೇಳಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ಬಿ.ಎ. ವಿದ್ಯಾರ್ಥಿನಿ, ಗದಗ ಜಿಲ್ಲೆ